ಹೆಬ್ಬಾವು ಯಾವುದು, ಯಾವುದಲ್ಲ?

ನಮ್ಮ ಕಡೆ ತೋಟದಲ್ಲಿ ದಪ್ಪದ ಹಾವೊಂದು ಕಂಡರೆ ಮೊದಲು ಬಾಯಿಗೆ ಬರುವ ಹೆಸರು ಹೆಬ್ಬಾವು. ಕಂಡದ್ದು ಹೆಬ್ಬಾವೇ ಆಗಿರಬೇಕೆಂದೇನೂ ಇಲ್ಲ. ಬೆಳೆದ ಕೇರೆ ಹಾವನ್ನು ಹೆಬ್ಬಾವು ಎಂದವರಿದ್ದಾರೆ. ಕೊಳಕು ಮಂಡಲವನ್ನು ಹೆಬ್ಬಾವಿನ ಮರಿ ಎಂದವರಿದ್ದಾರೆ. ನಿಜವಾದ ಹೆಬ್ಬಾವಿನ ಮರಿಯನ್ನು ಕೊಳಕು ಮಂಡಲ ಅಂತ ಚಚ್ಚಿ ಹಾಕಿದವರಂತೂ ಲೆಕ್ಕವಿಲ್ಲದಷ್ಟು. ಹೆಸರು ತಪ್ಪಿದರೆ ಏನು ಮಹಾ ಎಂದು ಕೇಳಬಹುದು. ಇಲ್ಲಿ ಹೆಸರು ತಪ್ಪಿದರೆ ಹಾವಿನ ಜೀವ ಹೋಗುತ್ತದೆ, ಕೆಲವೊಮ್ಮೆ ಮನುಷ್ಯನದ್ದೂ. ಹಾಗಾಗಿ ಈ ಸಲ ಅಡಿಕೆ, ಗೊಬ್ಬರ ಬಿಟ್ಟು ಹೆಬ್ಬಾವಿನ ಬಗ್ಗೆ ನನಗೆ ತಿಳಿದದ್ದನ್ನು ಬರೆಯುತ್ತಿದ್ದೇನೆ.

ಮೊದಲು ಶಬ್ದವನ್ನೇ ನೋಡಿ. ಹಿರಿದಾದ ಜೇನು ಹೆಜ್ಜೇನು. ಹಿರಿದಾದ ಮರ ಹೆಮ್ಮರ. ಹಾಗೆಯೇ ಹಿರಿದಾದ ಹಾವು ಹೆಬ್ಬಾವು. ಮಲಯಾಳದವರು ಪೆರುಂಬಾಂಬು ಎನ್ನುವುದೂ ಇದೇ ಅರ್ಥದಲ್ಲಿ. ಅಂದರೆ ನಮ್ಮ ಹಿರಿಯರು ಕೊಟ್ಟದ್ದು ಗಾತ್ರದ ಹೆಸರು, ಜಾತಿಯ ಗುರುತಲ್ಲ. ಗೊಂದಲದ ಬೇರು ಇರುವುದೇ ಇಲ್ಲಿ. ತುಳುವಿನಲ್ಲಿ ಇದು ಪೆರ್ಮರಿ. ತಮಿಳರಿಗೆ ಮಲೆಯ ಹಾವು. ಸಂಸ್ಕೃತದವರು ಗಾತ್ರ ಬಿಟ್ಟು ಊಟವನ್ನು ನೋಡಿ ಹೆಸರಿಟ್ಟರು: ಅಜಗರ, ಆಡನ್ನು ನುಂಗುವುದು. ಮಹಾಭಾರತದಲ್ಲಿ ಅಗಸ್ತ್ಯರ ಶಾಪದಿಂದ ಅಜಗರನಾಗಿ ಬಿದ್ದಿದ್ದ ನಹುಷ ಭೀಮನನ್ನೇ ಸುತ್ತಿ ಹಿಡಿದ ಕತೆ ನಿಮಗೆ ಗೊತ್ತಿರಬಹುದು. ಭಾಗವತದ ಅವಧೂತನಂತೂ ತನ್ನ ಇಪ್ಪತ್ತನಾಲ್ಕು ಗುರುಗಳಲ್ಲಿ ಹೆಬ್ಬಾವನ್ನೂ ಸೇರಿಸಿದ್ದಾನೆ. ಬಂದದ್ದನ್ನು ತಿಂದು ತೆಪ್ಪಗೆ ಬಿದ್ದಿರುತ್ತದಲ್ಲ, ಅದಕ್ಕೆ.

ನಮ್ಮ ತೋಟದ ಹೆಬ್ಬಾವು

ಕರ್ನಾಟಕದ ಕಾಡು, ಗುಡ್ಡೆ, ತೋಟಗಳಲ್ಲಿರುವ ಹೆಬ್ಬಾವು ಒಂದೇ ಜಾತಿ. ವಿಜ್ಞಾನಿಗಳು ಇದನ್ನು ಪೈಥಾನ್ ಮೊಲುರಸ್ ಎನ್ನುತ್ತಾರೆ. 1758ರಲ್ಲಿ ಲಿನೇಯಸ್ ಇದಕ್ಕೆ ಹೆಸರಿಟ್ಟಾಗ ಬೇರೆ ಮಾಮೂಲಿ ಹಾವುಗಳ ಗುಂಪಿಗೇ ಸೇರಿಸಿದ್ದ. ಪೈಥಾನ್ ಎಂಬ ಪ್ರತ್ಯೇಕ ಕುಲ ಬಂದದ್ದು ಆಮೇಲೆ. ನಮ್ಮಲ್ಲಿ ಸಾಮಾನ್ಯವಾಗಿ ಕಾಣುವುದು ಎಂಟು, ಹತ್ತು ಅಡಿಯವು. ಹದಿನೈದು ಅಡಿ ದಾಟಿದ್ದು ಅಪರೂಪ. ಬಾಯಿಮಾತಿನಲ್ಲಿ ಮಾತ್ರ ಎಲ್ಲ ಹೆಬ್ಬಾವುಗಳೂ ಇಪ್ಪತ್ತು ಅಡಿಯವೇ. ಹಾವಿನ ಉದ್ದ ನೋಡಿದವನ ಹೆದರಿಕೆಗೆ ತಕ್ಕ ಹಾಗೆ ಬೆಳೆಯುತ್ತದೆ!

ಇದಕ್ಕೆ ವಿಷವಿಲ್ಲ. ಹಲ್ಲು ಉಂಟು, ಹಿಂದಕ್ಕೆ ಬಾಗಿದ ಚೂಪು ಹಲ್ಲುಗಳು. ಕಚ್ಚಿದರೆ ಗಾಯವಾಗುತ್ತದೆ, ರಕ್ತ ಬರುತ್ತದೆ. ತುಟಿಯ ಅಂಚಿನಲ್ಲಿ ಸಾಲಾಗಿ ಗುಳಿಗಳಿವೆ. ಕತ್ತಲಲ್ಲಿ ಬಿಸಿರಕ್ತದ ಪ್ರಾಣಿ ಹತ್ತಿರ ಬಂದರೆ ಅದರ ಮೈಯ ಕಾವನ್ನು ಈ ಗುಳಿಗಳು ಹಿಡಿಯುತ್ತವೆ. ಗುದದ ಎರಡೂ ಬದಿ ಉಗುರಿನಂಥ ಚಿಕ್ಕ ಮುಳ್ಳುಗಳು ಕಾಣುತ್ತವೆ. ಇವು ಹಿಂದೊಂದು ಕಾಲದಲ್ಲಿ ಹಾವಿನ ಪೂರ್ವಜರಿಗೆ ಇದ್ದ ಹಿಂಗಾಲುಗಳ ಕುರುಹು.

ಆಹಾರ ಇಂಥದ್ದೇ ಎಂದಿಲ್ಲ. ಇಲಿ, ಹೆಗ್ಗಣ, ಮೊಲ, ನವಿಲು, ಮಂಗ, ಕಾಡುಹಂದಿಯ ಮರಿ, ಜಿಂಕೆಯ ಮರಿ, ಸಿಕ್ಕಿದರೆ ನಮ್ಮ ಕೋಳಿ, ಆಡಿನ ಮರಿ. ಬೇಟೆಯನ್ನು ಸುತ್ತಿ ಎಲುಬು ಪುಡಿ ಮಾಡುತ್ತದೆ ಎಂದು ಹೇಳುವುದುಂಟು, ಅದು ಸರಿಯಲ್ಲ. ಉಸಿರು ಕಟ್ಟಿಸಿ ಕೊಲ್ಲುತ್ತದೆ ಎಂದು ಪುಸ್ತಕಗಳಲ್ಲೂ ಬರೆಯುತ್ತಿದ್ದರು. ಆದರೆ ಹೀಗೆಯೇ ಸುತ್ತಿ ಕೊಲ್ಲುವ ಬೋವಾ ಎಂಬ ಅಮೆರಿಕದ ಹಾವಿನ ಮೇಲೆ ಮಾಡಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಬಿಗಿತಕ್ಕೆ ಕೆಲವೇ ಸೆಕೆಂಡುಗಳಲ್ಲಿ ಬೇಟೆಯ ರಕ್ತಸಂಚಾರವೇ ನಿಲ್ಲುತ್ತದೆ. ಉಸಿರು ಕಟ್ಟುವ ತನಕ ಕಾಯುವ ಪ್ರಶ್ನೆಯೇ ಇಲ್ಲ.

ದೊಡ್ಡ ಊಟವಾದರೆ ವಾರಗಟ್ಟಲೆ ಮತ್ತೆ ಬೇಟೆ ಬೇಕಿಲ್ಲ. ಹೊಟ್ಟೆ ಉಬ್ಬಿಸಿಕೊಂಡು ತೋಟದ ಕಣಿಯಲ್ಲಿ ಬಿದ್ದಿರುವಾಗ ಓಡಲಾಗದು. ಆಗ ಜನ ಸೇರಿ ಕೋಲಿನಿಂದ ತಿವಿದರೆ ನುಂಗಿದ್ದನ್ನೆಲ್ಲ ಕಕ್ಕಿಬಿಡುತ್ತದೆ. ಹಗುರಾಗಿ ಓಡುವುದಕ್ಕೆ ಹಾಗೆ ಮಾಡುವುದು. ಅದರ ತಿಂಗಳ ದುಡಿಮೆ ಹಾಳಾಯಿತು ಎಂದೇ ಲೆಕ್ಕ.

ಹೆಬ್ಬಾವು ಇದ್ದರೆ ತೋಟದ ಇಲಿ, ಹಂದಿ ಎಲ್ಲ ಮುಗಿಯುತ್ತದೆ ಎಂದು ಕೆಲವರು ಭಾಷಣ ಮಾಡುತ್ತಾರೆ. ನನಗೆ ಅಷ್ಟು ನಂಬಿಕೆ ಇಲ್ಲ. ಅಷ್ಟು ನಿಧಾನಕ್ಕೆ ತಿನ್ನುವ ಪ್ರಾಣಿಯಿಂದ ನಮ್ಮ ಹಂದಿ ಕಾಟ ನೀಗುವುದುಂಟೇ? ಇಲಿಯ ಲೆಕ್ಕದಲ್ಲಿ ದಿನವೂ ಓಡಾಡುವ ಕೇರೆ ಹಾವೇ ನಮಗೆ ಹೆಚ್ಚು ಉಪಕಾರಿ. ಆದರೆ ಹೆಬ್ಬಾವು ತಿನ್ನುವ ಹೆಗ್ಗಣ, ಹಂದಿಮರಿ ಅಷ್ಟಾದರೂ ಕಮ್ಮಿಯಾದವಲ್ಲ. ವರ್ಷಕ್ಕೊಂದು ಕೋಳಿ ಹೋದರೂ ಲೆಕ್ಕ ಸರಿಹೋಗುತ್ತದೆ ಎಂಬುದು ನನ್ನ ಅಭಿಪ್ರಾಯ. ಆಡು ಸಾಕಿದವರು ಒಪ್ಪಲಿಕ್ಕಿಲ್ಲ.

ಮೊಟ್ಟೆ ಇಡುವುದು ಬೇಸಿಗೆಯಲ್ಲಿ. ಹಾವಿನ ಗಾತ್ರಕ್ಕೆ ತಕ್ಕಂತೆ ಹತ್ತಿಪ್ಪತ್ತರಿಂದ ಐವತ್ತು, ಅದಕ್ಕೂ ಹೆಚ್ಚು ಮೊಟ್ಟೆಗಳಿರಬಹುದು. ತಾಯಿ ಅವುಗಳನ್ನು ಸುತ್ತಿಕೊಂಡು ಎರಡು ತಿಂಗಳಷ್ಟು ಕಾಲ ಕೂರುತ್ತದೆ. ಹೊರಗೆ ತಂಪಾದರೆ ಮೈಯ ಸ್ನಾಯುಗಳನ್ನು ನಡುಗಿಸಿ ಕಾವು ಹುಟ್ಟಿಸುತ್ತದೆ. ಹಾವುಗಳಲ್ಲಿ ಹೀಗೆ ಕಾವು ಕೊಡುವುದು ಬಹಳ ಅಪರೂಪ. ಮರಿಗಳು ಹೊರಬಂದ ಮೇಲೆ ತಾಯಿಗೂ ಅವಕ್ಕೂ ಸಂಬಂಧವಿಲ್ಲ. ಒಂದೂವರೆ, ಎರಡು ಅಡಿಯ ಈ ಮರಿಗಳು ಮಳೆಗಾಲದ ಸುಮಾರಿಗೆ ತೋಟ, ಗದ್ದೆ, ಜಾಲಿಗೆಲ್ಲ ಬರುತ್ತವೆ. ಗೊಂದಲ ಶುರುವಾಗುವುದು ಆಗಲೇ.

ಮೂರು ಹಾವು, ಒಂದು ಹೆಸರು

ನಮ್ಮ ಪಕ್ಕದ ಗ್ರಾಮದಲ್ಲಿ ಕೆಲವು ವರ್ಷಗಳ ಹಿಂದೆ ನಡೆದದ್ದು. ಹುಲ್ಲು ಕೊಯ್ಯುವಾಗ ಕಟ್ಟಿನೊಳಗೆ ಎರಡಡಿ ಉದ್ದದ, ಮೈಮೇಲೆ ಚುಕ್ಕೆಗಳಿದ್ದ ದಪ್ಪ ಹಾವು ಸಿಕ್ಕಿತು. ಇದ್ದವರೆಲ್ಲ ಹೆಬ್ಬಾವಿನ ಮರಿ ಎಂದರು. ಪಾಪದ ಪ್ರಾಣಿ, ಗುಡ್ಡೆಗೆ ಬಿಟ್ಟು ಬರುತ್ತೇನೆಂದು ಕೆಲಸದ ಆಳು ಕೈಯಲ್ಲೇ ಎತ್ತಿದರು. ಕಚ್ಚಿತು. ಹೆಬ್ಬಾವಿಗೆ ವಿಷವಿಲ್ಲವಲ್ಲ ಎಂದು ಅರಸಿನ ಹಚ್ಚಿ ಮತ್ತೆ ಹುಲ್ಲಿಗೆ ಇಳಿದರು. ಸಂಜೆಗೆ ಕೈ ಊದಿ ಒಸಡಿನಲ್ಲಿ ರಕ್ತ. ಆಸ್ಪತ್ರೆ ಸೇರುವಾಗ ಮೂತ್ರ ನಿಂತಿತ್ತು. ಡಯಾಲಿಸಿಸ್ ಮಾಡಿಸಿ ಜೀವ ಉಳಿಯಿತು. ಮನೆಯವರು ಮಾಡಿದ ಸಾಲ ತೀರಲು ಮೂರು ವರ್ಷ ಬೇಕಾಯಿತು. ಅವರನ್ನು ಕೊಲ್ಲಲು ಹೊರಟದ್ದು ಕೊಳಕು ಮಂಡಲದ ವಿಷ ಒಂದೇ ಅಲ್ಲ, ಹೆಬ್ಬಾವು ಎಂಬ ಹೆಸರು ಕೊಟ್ಟ ಧೈರ್ಯವೂ ಹೌದು.

ಗುರುತು ಹೇಗೆ? ನೋಡುವುದಿದ್ದರೆ ದೂರದಿಂದ, ಕಮ್ಮಿಯೆಂದರೆ ನಿಮ್ಮ ಎತ್ತರದ ಎರಡು ಪಟ್ಟು ದೂರ ನಿಂತು ನೋಡಿ. ಕೊಳಕು ಮಂಡಲದ ಬೆನ್ನಿನ ಮೇಲೆ ಉದ್ದಕ್ಕೂ ಮೂರು ಸಾಲು ಚುಕ್ಕೆ. ಪ್ರತಿ ಚುಕ್ಕೆ ಗುಂಡಗೆ ಅಥವಾ ಮೊಟ್ಟೆಯಾಕಾರ, ಸುತ್ತ ಕಪ್ಪು ಗೆರೆ. ನಡುವಿನ ಸಾಲು ಸರಪಳಿಯ ಕೊಂಡಿಗಳ ಹಾಗೆ ಒಂದರ ಹಿಂದೆ ಒಂದು ಬರುತ್ತದೆ. ಮೈ ದೊರಗು, ಹೊಳಪಿಲ್ಲ. ತಲೆ ತ್ರಿಕೋನ, ಕುತ್ತಿಗೆ ಸಪೂರ. ಕೆಣಕಿದರೆ ಕುಕ್ಕರಿನ ಸೀಟಿಯಿಂದ ಹಬೆ ಬಿಟ್ಟ ಹಾಗೆ ಜೋರಾಗಿ ಬುಸುಗುಟ್ಟುತ್ತದೆ.

ಹೆಬ್ಬಾವಿನ ಮೈ ನಯ, ಎಣ್ಣೆ ಹಚ್ಚಿದಂತೆ ಹೊಳೆಯುತ್ತದೆ. ಕಲೆಗಳು ದೊಡ್ಡವು, ಅಂಕುಡೊಂಕು. ಒಂದರ ಹಾಗೆ ಒಂದಿಲ್ಲ. ನಕ್ಷೆಯಲ್ಲಿ ತಾಲೂಕುಗಳನ್ನು ಬಿಡಿಸಿದ ಹಾಗೆ ಕಾಣುತ್ತವೆ. ತಲೆಯ ಮೇಲೆ ಮೂಗಿನ ಕಡೆಗೆ ಚೂಪಾಗುವ ಬಾಣದಂಥ ಗುರುತು ಉಂಟು. ಆದರೆ ಅದೊಂದನ್ನೇ ನಂಬಬೇಡಿ. ಕೊಳಕು ಮಂಡಲದ ತಲೆಯ ಮೇಲೂ ಬಿಳಿ ಗೆರೆಗಳು ಮೂಗಿನ ಕಡೆಗೆ ಕೂಡುತ್ತವೆ. ಹೆಬ್ಬಾವೂ ಬುಸುಗುಟ್ಟುತ್ತದೆ, ಹಾಗಾಗಿ ಸದ್ದನ್ನು ನಂಬಿಯೂ ತೀರ್ಮಾನ ಮಾಡುವಂತಿಲ್ಲ. ಮೈಯ ಚಿತ್ತಾರವೇ ಹೆಚ್ಚು ಖಚಿತ: ಸರಪಳಿಯೋ, ನಕ್ಷೆಯೋ?

ಮೂರನೆಯದು ಮಣ್ಣುಮುಕ್ಕ. ಮೈಮೇಲೆ ಕಂದು ಕಲೆಗಳಿರುವ ಮಣ್ಣುಮುಕ್ಕ ಈ ಎರಡಕ್ಕೂ ಹೋಲುತ್ತದೆ. ಇದರ ತಲೆಗೂ ಕುತ್ತಿಗೆಗೂ ವ್ಯತ್ಯಾಸ ತಿಳಿಯುವುದಿಲ್ಲ. ಕಣ್ಣು ಸಣ್ಣದು. ಬಾಲ ಮೊಂಡು, ಕಡಿದು ಹಾಕಿದಂತೆ ಥಟ್ಟನೆ ಮುಗಿಯುತ್ತದೆ. ಕಲೆಗಳು ಒಂದಕ್ಕೊಂದು ಅಂಟಿಕೊಂಡು ಡೊಂಕು ಪಟ್ಟಿಯಾಗಿರುತ್ತವೆ. ಇದಕ್ಕೂ ವಿಷವಿಲ್ಲ. ಇದರ ಹತ್ತಿರದ ಸಂಬಂಧಿ, ಒಂದೇ ಬಣ್ಣದ ಮಣ್ಣುಮುಕ್ಕಕ್ಕೆ ಎರಡು ತಲೆ ಹಾವು ಎಂಬ ಹೆಸರು. ಇದಕ್ಕೆ ಲಕ್ಷಗಟ್ಟಲೆ ಬೆಲೆ ಎಂದು ನಂಬಿಸಿ ಮೋಸ ಮಾಡುವ ದಂಧೆಯೇ ಇದೆ. ಇಲ್ಲದ ಎರಡನೇ ತಲೆಯ ಹೆಸರಿನಿಂದ ಹಾವಿಗೆ ಬಂದ ಕಷ್ಟ ಅದು.

ಇಷ್ಟೆಲ್ಲ ಬರೆದ ಮೇಲೂ ಒಂದು ಮಾತು: ಗುರುತು ತಿಳಿಯಬೇಕಾದ್ದು ಕೊಲ್ಲದೆ ಬಿಡುವುದಕ್ಕೆ, ಮುಟ್ಟುವುದಕ್ಕಲ್ಲ. ಯಾವುದೇ ಹಾವು ಕಚ್ಚಿದರೂ ಹೆಸರಿನ ಚರ್ಚೆ ಬೇಡ. ಕೊಯ್ಯಬೇಡಿ, ಚೀಪಬೇಡಿ, ಹಗ್ಗ ಬಿಗಿಯಬೇಡಿ. ಉಂಗುರ, ಬಳೆ, ವಾಚು ತೆಗೆಯಿರಿ. ಕಚ್ಚಿದ ಕೈ ಅಥವಾ ಕಾಲನ್ನು ಅಲ್ಲಾಡದ ಹಾಗೆ ಪಟ್ಟಿ ಕೊಟ್ಟು 108ಕ್ಕೆ ಫೋನ್ ಮಾಡಿ ಅಥವಾ ಸಿಕ್ಕಿದ ಗಾಡಿಯಲ್ಲಿ ಆಸ್ಪತ್ರೆಗೆ ಹೋಗಿ. ಹಾವನ್ನು ಹುಡುಕಿ, ಕೊಂದು ತೆಗೆದುಕೊಂಡು ಹೋಗುವ ಅಗತ್ಯ ಇಲ್ಲ. ನಮ್ಮಲ್ಲಿ ಕೊಡುವ ಔಷಧಿ ನಾಗರ, ಕಟ್ಟು ಹಾವು, ಕೊಳಕು ಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಒಂದೇ. ಮಂಡಲದ ವಿಷ ಏರಿದೆಯೇ ಎಂದು ನೋಡಲು ವೈದ್ಯರು ರಕ್ತವನ್ನು ಗಾಜಿನ ನಳಿಕೆಯಲ್ಲಿ 20 ನಿಮಿಷ ಇಟ್ಟು ಹೆಪ್ಪುಗಟ್ಟುತ್ತದೋ ಇಲ್ಲವೋ ಪರೀಕ್ಷಿಸುತ್ತಾರೆ. ಭಾರತದಲ್ಲಿ 2000ದಿಂದ 2019ರವರೆಗೆ ಹಾವು ಕಚ್ಚಿ ವರ್ಷಕ್ಕೆ ಸರಾಸರಿ 58,000 ಜನ ಸತ್ತಿದ್ದಾರೆ ಎಂದು 2020ರಲ್ಲಿ ಬಂದ ಅಧ್ಯಯನವೊಂದು ಅಂದಾಜು ಮಾಡಿದೆ. ಅದರಲ್ಲಿ ಹೆಚ್ಚಿನವರು ಹಳ್ಳಿಯವರು, ನಮ್ಮಂಥವರು. ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ಸರಕಾರಕ್ಕೆ ವರದಿ ಮಾಡಬೇಕೆಂದು ಕರ್ನಾಟಕ 2024ರಲ್ಲಿ ನಿಯಮ ತಂದಿದೆ.

ದೂರದ ಹೆಬ್ಬಾವುಗಳ ಅಪವಾದ

ಮೊಬೈಲಿನಲ್ಲಿ ಹೆಬ್ಬಾವಿನ ಹೊಟ್ಟೆ ಕೊಯ್ದು ಮನುಷ್ಯನನ್ನು ಹೊರತೆಗೆಯುವ ವಿಡಿಯೋ ನೀವೂ ನೋಡಿರಬಹುದು. ಅಂಥ ಘಟನೆ ಇಂಡೋನೇಷ್ಯಾದ ಸುಲಾವೆಸಿ ಕಡೆ 2017 ಮತ್ತು 2018ರಲ್ಲಿ ನಡೆದದ್ದು ನಿಜ. ಆದರೆ ಆ ಹಾವು ನಮ್ಮದಲ್ಲ. ಮೈಮೇಲೆ ಬಲೆ ಹೆಣೆದಂಥ ಚಿತ್ತಾರವಿರುವ ಬೇರೆ ಜಾತಿ, ಜಗತ್ತಿನ ಹಾವುಗಳಲ್ಲೇ ಅತಿ ಉದ್ದದ್ದು. ಭಾರತದಲ್ಲಿ ಅದು ಇರುವುದು ನಿಕೋಬಾರ್ ದ್ವೀಪಗಳಲ್ಲಿ ಮಾತ್ರ. ಕನ್ನಡದಲ್ಲಿ ಸುದ್ದಿ ಹಾಕುವಾಗ ಅದಕ್ಕೂ ಹೆಬ್ಬಾವು ಎಂದೇ ಬರೆಯುತ್ತಾರೆ. ಮರುದಿನ ಇಲ್ಲಿ ನಮ್ಮ ಹೆಬ್ಬಾವಿಗೆ ಪೆಟ್ಟು ಬೀಳುತ್ತದೆ. ಈಶಾನ್ಯ ರಾಜ್ಯಗಳ ಕಡೆ ಇರುವುದು ಬರ್ಮಾದ ಹೆಬ್ಬಾವು. ಅದನ್ನು ನಮ್ಮದರ ಉಪಜಾತಿ ಎನ್ನುತ್ತಿದ್ದರು, 2009ರ ನಂತರ ಬೇರೆಯೇ ಜಾತಿ ಎಂದು ಪರಿಗಣಿಸುತ್ತಾರೆ.

ಇನ್ನು ಅನಕೊಂಡ. ದೊಡ್ಡ ಹೆಬ್ಬಾವು ಸಿಕ್ಕಿದರೆ ‘ಅನಕೊಂಡ ಪತ್ತೆ’ ಅಂತ ಸುದ್ದಿಯಾಗುವುದುಂಟು. ಅನಕೊಂಡ ದಕ್ಷಿಣ ಅಮೆರಿಕದ ಹಾವು, ನಮ್ಮ ಕಾಡಿನಲ್ಲಿ ಇಲ್ಲವೇ ಇಲ್ಲ. ಹೆಬ್ಬಾವಿನ ಹಾಗೆ ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ. ತಮಾಷೆಯೆಂದರೆ ಆ ಹೆಸರು ಮಾತ್ರ ನಮ್ಮ ಪಕ್ಕದ್ದು. ಹದಿನೇಳನೇ ಶತಮಾನದಲ್ಲಿ ಸಿಂಹಳದ ಹಾವಿನ ಹೆಸರಾಗಿ ಯುರೋಪಿನ ಪುಸ್ತಕ ಸೇರಿದ ಶಬ್ದ ಅದು. ಆಮೇಲೆ ಅಮೆರಿಕದ ಹಾವಿಗೆ ಅಂಟಿಕೊಂಡಿತು.

ಪೈಥಾನ್ ಎಂಬ ಹೆಸರು ಇನ್ನೂ ಎಲ್ಲೆಲ್ಲೋ ಹೋಗಿದೆ. ಬೆಂಗಳೂರಿನಲ್ಲಿ ಓದುವ ನನ್ನ ಅಕ್ಕನ ಮಗ ಫೋನಿನಲ್ಲಿ, “ಮಾವ, ಈಗ ಪೈಥಾನ್ ಕಲೀತಾ ಇದ್ದೇನೆ” ಎಂದ. ಕೇಳಿಸಿಕೊಂಡ ನನ್ನ ಅಮ್ಮ, “ಅಷ್ಟು ಫೀಸು ಕೊಟ್ಟು ಹಾವು ಹಿಡಿಯಲಿಕ್ಕೆ ಕಲಿಸುವುದಾ?” ಎಂದು ಕೇಳಿದರು. ಅದು ಕಂಪ್ಯೂಟರಿಗೆ ಲೆಕ್ಕ, ಕೆಲಸ ಹೇಳಿಕೊಡುವ ಭಾಷೆ. ನೆದರ್‌ಲ್ಯಾಂಡ್ಸಿನ ಗಿಡೋ ವಾನ್ ರೋಸಮ್ 1991ರಲ್ಲಿ ಹೊರತಂದದ್ದು. ಅವರು ಹೆಸರು ತೆಗೆದುಕೊಂಡದ್ದು ಹಾವಿನಿಂದಲೂ ಅಲ್ಲ, 1969ರಲ್ಲಿ ಬಿಬಿಸಿ ಟೀವಿಯಲ್ಲಿ ಶುರುವಾದ ಮಾಂಟಿ ಪೈಥಾನ್ ಎಂಬ ಹಾಸ್ಯ ಕಾರ್ಯಕ್ರಮದಿಂದ. ಅಮೆರಿಕದಲ್ಲಿ 1955ರಿಂದ ಪೈಥಾನ್ ಎಂಬ ಪಿಸ್ತೂಲಿದೆ. ಇಸ್ರೇಲಿನವರ ಕ್ಷಿಪಣಿಯೊಂದು ಪೈಥಾನ್. ಅದನ್ನು 2021ರಲ್ಲಿ ನಮ್ಮ ತೇಜಸ್ ವಿಮಾನದಿಂದ ಗೋವೆಯಲ್ಲಿ ಹಾರಿಸಿ ನೋಡಿದರು. ಇವುಗಳಿಂದ ನಮಗೆ ಆಗಬೇಕಾದ್ದೇನೂ ಇಲ್ಲ.

ಶುಂಠಿ ಪಾತಿಯಲ್ಲಿರುವ ನೆಂಟ

ಆದರೆ ಈ ಹೆಸರಿನ ಒಬ್ಬ ನೆಂಟ ನಮ್ಮ ಶುಂಠಿ ಪಾತಿಯಲ್ಲೇ ಇದ್ದಾನೆ. ಗ್ರೀಕರ ಪುರಾಣದಲ್ಲಿ ಪೈಥಾನ್ ಎಂಬ ಮಹಾಸರ್ಪವನ್ನು ಅಪೊಲೋ ದೇವರು ಡೆಲ್ಫಿ ಎಂಬಲ್ಲಿ ಕೊಲ್ಲುತ್ತಾನೆ. ಸತ್ತ ಹಾವು ಅಲ್ಲೇ ಕೊಳೆಯಿತು, ಹಾಗಾಗಿ ಆ ಜಾಗಕ್ಕೂ ಹಾವಿಗೂ ‘ಕೊಳೆ’ ಎಂಬ ಅರ್ಥದ ಗ್ರೀಕ್ ಶಬ್ದದಿಂದ ಹೆಸರು ಬಂತು ಎನ್ನುತ್ತದೆ ಕತೆ. ಶುಂಠಿ, ಅರಸಿನದ ಗಡ್ಡೆ ಕೊಳೆಸುವ ರೋಗಾಣುವಿಗೆ ವಿಜ್ಞಾನಿಗಳು ಇಟ್ಟ ಹೆಸರು ಪಿಥಿಯಂ. ಅದೂ ಅದೇ ಶಬ್ದದಿಂದ ಬಂದದ್ದು. ನಮ್ಮ ಅಡಿಕೆಯ ಕೊಳೆರೋಗ ತರುವ ಫೈಟಾಫ್ತೊರಕ್ಕೆ ಈ ಪಿಥಿಯಂ ದಾಯಾದಿ. ಎರಡರ ಬೀಜಕಣಗಳೂ ನೀರಿನಲ್ಲಿ ಈಜಿಕೊಂಡು ಹೋಗುತ್ತವೆ. ನೀರು ನಿಂತಲ್ಲಿ ಇವಕ್ಕೆ ಹಬ್ಬ.

ಹಾವಿನಲ್ಲಿ ಆದ ಹಾಗೆ ಇಲ್ಲೂ ಹೆಸರಿನಿಂದ ನಷ್ಟ ಉಂಟು. ಶುಂಠಿ ಗಿಡ ಬಾಡಿದರೆ ಎಲ್ಲದಕ್ಕೂ ಕೊಳೆ ಎಂದುಬಿಡುತ್ತೇವೆ. ಪಿಥಿಯಂ ಕೊಳೆಯಾದರೆ ಎಲೆ ಮೊದಲು ಹಳದಿಯಾಗಿ, ಬುಡ ನೀರು ತುಂಬಿದಂತಾಗಿ, ಎಳೆದರೆ ಗಿಡ ಸುಲಭದಲ್ಲಿ ಕಿತ್ತು ಬರುತ್ತದೆ. ಬ್ಯಾಕ್ಟೀರಿಯಾದ ಸೊರಗು ರೋಗವಾದರೆ ಎಲೆ ಸುರುಟಿ ಹಸಿರಿರುವಾಗಲೇ ಗಿಡ ಜೋತು ಬೀಳಬಹುದು. ಅನುಮಾನವಿದ್ದರೆ ದಂಟನ್ನು ಅಡ್ಡಕ್ಕೆ ಕೊಯ್ದು ತಿಳಿನೀರಿನ ಗ್ಲಾಸಿನಲ್ಲಿ ಇಳಿಬಿಡಿ. ಹಾಲಿನಂಥ ಎಳೆ ಇಳಿದರೆ ಅದು ಸೊರಗು ರೋಗ. ಅದಕ್ಕೆ ಶಿಲೀಂಧ್ರನಾಶಕ ಸುರಿದರೆ ದುಡ್ಡು ಮಣ್ಣಿಗೆ. ಪಿಥಿಯಂಗಾದರೆ ಏರುಮಡಿ, ಬಸಿಗಾಲುವೆ, ರೋಗವಿಲ್ಲದ ತೋಟದ ಬೀಜ ಮುಖ್ಯ. ಬೀಜದ ಗಡ್ಡೆಯನ್ನು ಲೀಟರಿಗೆ 3 ಗ್ರಾಂ ಮ್ಯಾಂಕೋಜೆಬ್ ಹಾಕಿದ ನೀರಿನಲ್ಲಿ ಅರ್ಧ ಗಂಟೆ ಅದ್ದಿ, ನೆರಳಲ್ಲಿ ಆರಿಸಿ ನೆಡುವುದು ಕೋಝಿಕ್ಕೋಡಿನ ಸಾಂಬಾರ ಬೆಳೆ ಸಂಶೋಧನಾ ಸಂಸ್ಥೆಯ ಶಿಫಾರಸು. ಇದೇ ಉಪಚಾರ ಸೊರಗು ರೋಗವನ್ನು ತಡೆಯುತ್ತದೆಂದು ನೆಚ್ಚಬೇಡಿ.

ತೋಟಕ್ಕೆ ಬಂದರೆ

ಮತ್ತೆ ಹಾವಿಗೆ ಬರೋಣ. ಗುಡ್ಡೆ, ತೋಟದ ಬದಿಯ ಮಾಟೆಗಳಿಗೆ ಬೆಂಕಿ, ಹೊಗೆ ಹಾಕುವ ಅಭ್ಯಾಸ ಬಿಡುವುದು ಒಳ್ಳೆಯದು. ರಾಜಸ್ಥಾನದ ಭರತಪುರದಲ್ಲಿ ಹೆಬ್ಬಾವುಗಳು ಮುಳ್ಳುಹಂದಿಯ ಮಾಟೆಯಲ್ಲಿ, ಮುಳ್ಳುಹಂದಿ ಇರುವಾಗಲೇ, ಒಟ್ಟಿಗೆ ವಾಸ ಮಾಡುವುದನ್ನು ಸಂಶೋಧಕರು ದಾಖಲಿಸಿದ್ದಾರೆ. ಬೇಸಿಗೆಯಲ್ಲಿ ಅಂಥ ಮಾಟೆಯೊಳಗೆ ಮೊಟ್ಟೆ ಸುತ್ತಿ ಕೂತ ಹಾವೂ ಇರಬಹುದು. ಕಂಡರೆ ಅರಣ್ಯ ಇಲಾಖೆಗೆ ತಿಳಿಸಿ, ಎರಡು ತಿಂಗಳು ಆ ಜಾಗ ಬಿಟ್ಟುಬಿಡಿ. ಹೆಬ್ಬಾವು 1972ರ ವನ್ಯಜೀವಿ ಕಾಯ್ದೆಯ ಒಂದನೇ ಪಟ್ಟಿಯಲ್ಲಿದೆ, ಆನೆ, ಹುಲಿಯ ಸಾಲಿನಲ್ಲಿ. ಕೊಂದರೆ ಕನಿಷ್ಠ ಮೂರು ವರ್ಷ ಜೈಲಾಗುವ ಅಪರಾಧ.

ತರಕಾರಿಗೆ ಸುತ್ತ ಕಟ್ಟುವ ನೈಲಾನ್ ಬಲೆ ಇನ್ನೊಂದು ತಾಪತ್ರಯ. ನೆಲಕ್ಕೆ ತಾಗಿದ ಬಲೆಯಲ್ಲಿ ಹಾವು ತಲೆ ತೂರಿಸುತ್ತದೆ, ಹಿಂದೆ ಬರಲಾಗದೆ ನೂಲು ಮೈಗೆ ಕೊಯ್ದು ಸಾಯುತ್ತದೆ. ಬಲೆಯನ್ನು ನೆಲದಿಂದ ಒಂದು ಗೇಣು ಮೇಲೆ ಕಟ್ಟಿ, ಬುಡಕ್ಕೆ ಹಳೆ ಶೀಟೋ ಅಡಿಕೆ ಸಲಾಕೆಯೋ ಕೊಟ್ಟರೆ ಹಾವು ಸಿಕ್ಕಿಕೊಳ್ಳುವುದು ಎಷ್ಟೋ ಕಮ್ಮಿಯಾಗುತ್ತದೆ. ಸಿಕ್ಕಿಕೊಂಡ ಹಾವನ್ನು ನೀವೇ ಬಿಡಿಸಲು ಹೋಗಬೇಡಿ. ಬಲೆಯನ್ನು ಸುತ್ತ ಕತ್ತರಿಸಿ ಎಳೆತ ತಪ್ಪಿಸಿ, ಮೇಲೆ ಒದ್ದೆ ಗೋಣಿ ಹಾಕಿ, ಹಾವು ಹಿಡಿಯಲು ಬಲ್ಲವರು ಬರುವ ತನಕ ನಾಯಿ, ಮಕ್ಕಳನ್ನು ದೂರ ಇಡಿ.

ಕೋಳಿ ಗೂಡಿಗೆ ಅರ್ಧ ಇಂಚಿನ ಕಣ್ಣಿನ ಕಬ್ಬಿಣದ ಜಾಲರಿಯೇ ಬೇಕು. ದೊಡ್ಡ ಕಣ್ಣಿನ ಜಾಲರಿಯಲ್ಲಿ ಸಪೂರ ಹಾವು ಒಳಗೆ ಬರುತ್ತದೆ, ಕೋಳಿ ನುಂಗಿದ ಮೇಲೆ ಹೊಟ್ಟೆ ದಪ್ಪವಾಗಿ ಹೊರಗೆ ಹೋಗಲಾಗದೆ ಬೆಳಗ್ಗೆ ನಮ್ಮ ಕೈಗೆ ಸಿಗುತ್ತದೆ. ಬಾಗಿಲಿನ ಸಂದು, ಮಾಡಿನ ಅಂಚು, ಹಲಗೆಯ ಬಿರುಕು ಕೂಡ ನೋಡಿ. ನಾನು ಗೂಡನ್ನು ನೆಲದಿಂದ ಮೂರಡಿ ಎತ್ತರಕ್ಕೆ ಏರಿಸಿ, ಪಕ್ಕದಲ್ಲಿ ಒರಗಿಸಿಟ್ಟಿದ್ದ ಸೋಗೆ, ಸೌದೆಯ ರಾಶಿಯನ್ನು ಆಚೆ ಸಾಗಿಸಿದ್ದೇನೆ. ಗೂಡಿನ ಬಾಗಿಲು ಹಾಕಲು ಮುಸ್ಸಂಜೆಗೆ ಹೋಗುವವರು ಟಾರ್ಚು ಬಿಟ್ಟು ಹೋಗಬೇಡಿ, ಬಾಗಿಲಿಗೆ ಕೈ ಹಾಕುವ ಮೊದಲು ಅಡಿಭಾಗಕ್ಕೂ ಒಮ್ಮೆ ಬೆಳಕು ಬಿಡಿ.